ಸುಪ್ರೀಂ ಕೋರ್ಟ್ ಒಂದೇ, ರೂಲಿಂಗ್ ಮೂರು: ಭಾಗದ ದಾವೆಯಲ್ಲಿ ಯಾವುದನ್ನು ಹಿಡಿಯಬೇಕು?

ಜೂನಿಯರ್_ತುಮಕೂರು
(ಪ್ರಶ್ನೆ)

ಹಿರಿಯರಿಗೆ ನಮಸ್ಕಾರ. ತುಮಕೂರಿನ ಸೀನಿಯರ್ ಸಿವಿಲ್ ನ್ಯಾಯಾಲಯದಲ್ಲಿ ಭಾಗದ ದಾವೆಯೊಂದು ವಾದಕ್ಕೆ ನಿಂತಿದೆ. ನಮ್ಮದು ಹೆಣ್ಣುಮಕ್ಕಳ ಪರ, ಅಂದರೆ ವಾದಿಗಳ ಪರ. ಸಂಗತಿ ಇಷ್ಟು: ಗೂಳೂರು ಹೋಬಳಿಯಲ್ಲಿ ತಾತನ ಕಾಲದಿಂದ ಬಂದ 4 ಎಕರೆ 20 ಗುಂಟೆ ಜಮೀನು. ತಂದೆ ತೀರಿಕೊಂಡದ್ದು 1998ರಲ್ಲಿ, ತಾಯಿ ಅದಕ್ಕೂ ಮೊದಲೇ ಹೋದರು. ಇಬ್ಬರು ಗಂಡು, ಇಬ್ಬರು ಹೆಣ್ಣು. ಹೆಣ್ಣುಮಕ್ಕಳ ಮದುವೆ 1985 ಮತ್ತು 1991ರಲ್ಲಿ ಆಗಿದೆ. 1999ರಲ್ಲಿ ಇಡೀ ಜಮೀನು ಪೌತಿ ಖಾತೆಯಾಗಿ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗುವ ಖಾತೆ) ಹಿರಿಯ ಅಣ್ಣನ ಹೆಸರಿಗೆ ಬಂದಿದೆ. ದಾವೆ ಹೂಡಿದ್ದು 2016ರಲ್ಲಿ. ತಂದೆ ಬದುಕಿದ್ದಾಗಲೇ, 1997ರಲ್ಲಿ, ಪಂಚಾಯ್ತಿದಾರರ ಮುಂದೆ ಅಣ್ಣತಮ್ಮಂದಿರಿಗೆ ಭಾಗ ಆಗಿಹೋಗಿದೆ ಅನ್ನುವುದು ಪ್ರತಿವಾದಿಗಳ ಮಾತು. ಅದಕ್ಕೆ ನೋಂದಣಿಯಿಲ್ಲದ ಒಂದು ಪಾಲುಪಟ್ಟಿ ತಂದಿದ್ದಾರೆ.

ಅವರು ಕೊಟ್ಟಿರುವ ಸೈಟೇಶನ್ ಮೆಮೋದಲ್ಲಿ ಏಳು ತೀರ್ಪುಗಳಿವೆ: ಫುಲಾವತಿ (2015), ನಮ್ಮ ಹೈಕೋರ್ಟಿನ 2017ರ ಏಕಸದಸ್ಯ ಪೀಠದ್ದು ಒಂದು, ಮದ್ರಾಸ್ ಹೈಕೋರ್ಟಿನದು ಒಂದು, ಕಾಳೆ (1976), ಮತ್ತೆ 'ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ' ಎಂದು ಒಂದು ಎಸ್‌ಎಲ್‌ಪಿ (ವಿಶೇಷ ಅನುಮತಿ ಅರ್ಜಿ) ವಜಾ ಆದೇಶ, ಇತ್ಯಾದಿ. ನಮ್ಮ ಕೈಯಲ್ಲಿರುವುದು ದಾನಮ್ಮ (2018) ಮತ್ತು ವಿನೀತಾ ಶರ್ಮಾ (2020). ಎಲ್ಲವೂ ಸುಪ್ರೀಂ ಕೋರ್ಟೇ ಅಂದಮೇಲೆ ಕೆಳ ನ್ಯಾಯಾಲಯ ಒಂದನ್ನು ಬಿಟ್ಟು ಇನ್ನೊಂದನ್ನು ಹೇಗೆ ಆರಿಸುತ್ತದೆ? ಹೊಸದು ಗೆಲ್ಲುತ್ತದೆ ಅಂತ ಹೇಳಿದರೆ ಸಾಕೆ? ಏಳಕ್ಕೆ ಎರಡು ಅನ್ನುವುದು ದುರ್ಬಲವಾಗಿ ಕಾಣುವುದಿಲ್ಲವೆ?

ಸಿವಿಲ್_ಕಟ್ಟೆ

ರೂಲಿಂಗ್ ತೆರೆಯುವ ಮೊದಲು ಗುಂಟೆ ಲೆಕ್ಕ ಹಾಕಿ. ಯಾವ ತೀರ್ಪು ಎಷ್ಟು ಭಾರ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಒಟ್ಟು 180 ಗುಂಟೆ. ಹಳೆಯ ಕಾನೂನಿನ ಪ್ರಕಾರ ತಂದೆ ಸಾಯುವ ಮುನ್ನ ಒಂದು ಭಾಗ ಆಯಿತು ಎಂದು ಕಲ್ಪಿಸಿಕೊಳ್ಳಬೇಕು. ತಂದೆಗೆ, ಇಬ್ಬರು ಗಂಡುಮಕ್ಕಳಿಗೆ ತಲಾ 60. ತಂದೆಯ 60 ಗುಂಟೆ ನಾಲ್ವರು ಮಕ್ಕಳಿಗೆ ಹಂಚಿದರೆ ತಲಾ 15. ಹಾಗಾಗಿ ಹೆಣ್ಣುಮಗಳಿಗೆ 15 ಗುಂಟೆ, ಗಂಡುಮಗನಿಗೆ 75. ವಿನೀತಾ ಶರ್ಮಾ ಪ್ರಕಾರ ನಾಲ್ವರಿಗೂ ತಲಾ 45, ಅಂದರೆ 1 ಎಕರೆ 5 ಗುಂಟೆ. ಒಬ್ಬೊಬ್ಬ ಹೆಣ್ಣುಮಗಳಿಗೆ 30 ಗುಂಟೆ ವ್ಯತ್ಯಾಸ. ನಿಮ್ಮ ವಾದ ಈ 30 ಗುಂಟೆಗೆ.

ಫುಲಾವತಿ ತೀರ್ಪು ಬಂದದ್ದು 16-10-2015ರಂದು, ಇಬ್ಬರು ನ್ಯಾಯಮೂರ್ತಿಗಳ ಪೀಠದಿಂದ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಅಧಿನಿಯಮದ ತಿದ್ದುಪಡಿ ಜಾರಿಗೆ ಬಂದ 9-9-2005ರಂದು ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು ಎಂದಿತು. 1998ರಲ್ಲಿ ತೀರಿದ ತಂದೆಯ ಮಕ್ಕಳಿಗೆ ಅದರಿಂದ 15 ಗುಂಟೆಯೇ ಗತಿ. ದಾನಮ್ಮ ತೀರ್ಪು 1-2-2018ರದು, ಅದೂ ಇಬ್ಬರ ಪೀಠ. ಅಲ್ಲಿ ತಂದೆ ತೀರಿದ್ದು 2001ರಲ್ಲಿ. ಆದರೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ, ಐದನೇ ಒಂದು ಪಾಲು ಸಿಕ್ಕಿತು. ತೊಡಕೆಂದರೆ ಅದೇ ತೀರ್ಪು ಫುಲಾವತಿಯನ್ನು ಒಪ್ಪಿ ಉಲ್ಲೇಖಿಸಿದೆ. ಮಾತು ಅತ್ತ, ಫಲಿತ ಇತ್ತ. ಹಾಗಾಗಿ 2018ರಿಂದ 2020ರವರೆಗೆ ಎರಡೂ ಕಡೆಯ ವಕೀಲರು ದಾನಮ್ಮವನ್ನೇ ಓದಿ, ತಮಗೆ ಬೇಕಾದ ಪ್ಯಾರಾ ತೋರಿಸುತ್ತಿದ್ದರು.

ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. 'ಹೊಸದು ಗೆಲ್ಲುತ್ತದೆ' ಎಂಬ ನಿಯಮ ಇಲ್ಲ. ಸಮಬಲದ ಎರಡು ಪೀಠಗಳು ಬೇರೆ ಬೇರೆ ಹೇಳಿದ್ದರೆ ಮೊದಲಿನದನ್ನು ಅನುಸರಿಸಬೇಕು. ನಂತರದ ಪೀಠಕ್ಕೆ ಅನುಮಾನವಿದ್ದರೆ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟು ದೊಡ್ಡ ಪೀಠಕ್ಕೆ ಕಳಿಸಿಕೊಡಬೇಕು, ತಾನೇ ಬೇರೆ ದಾರಿ ಹಿಡಿಯುವಂತಿಲ್ಲ. ದಾವೂದಿ ಬೋಹ್ರಾ (2005) ಮತ್ತು ಪ್ರಣಯ್ ಸೇಠಿ (2017), ಎರಡೂ ಐವರ ಪೀಠದ ತೀರ್ಪುಗಳು, ಇದನ್ನು ಸ್ಪಷ್ಟಪಡಿಸಿವೆ. ಈ ಲೆಕ್ಕದಲ್ಲಿ ದಾನಮ್ಮ ಒಂದನ್ನೇ ನೆಚ್ಚಿಕೊಂಡು ನಿಂತಿದ್ದರೆ ನೀವು ಸೋಲುವ ಸಾಧ್ಯತೆಯೇ ಹೆಚ್ಚಿತ್ತು.

ವಿನೀತಾ ಶರ್ಮಾ ಬಂದದ್ದು 11-8-2020ರಂದು, ಮೂವರ ಪೀಠದಿಂದ. ಮಗಳಿಗೆ ಹಕ್ಕು ಹುಟ್ಟಿನಿಂದ ಬರುತ್ತದೆ, ಆದ್ದರಿಂದ 9-9-2005ರಂದು ತಂದೆ ಬದುಕಿರಬೇಕಿಲ್ಲ ಎಂದಿತು. ಫುಲಾವತಿಯನ್ನು ಹೆಸರು ಹಿಡಿದೇ ತಳ್ಳಿಹಾಕಿತು. ಅದು ಗೆಲ್ಲುವುದು ದೊಡ್ಡ ಪೀಠ ಅನ್ನುವ ಕಾರಣಕ್ಕೆ, ಹಳೆಯದನ್ನು ಸ್ಪಷ್ಟವಾಗಿ ರದ್ದು ಮಾಡಿದೆ ಅನ್ನುವ ಕಾರಣಕ್ಕೆ. ಮೆಮೋದಲ್ಲಿ ಈ ಎರಡು ಕಾರಣಗಳನ್ನೇ ಬರೆಯಿರಿ. 'ಇತ್ತೀಚಿನ ತೀರ್ಪು' ಎಂಬ ಪದ ಬೇಡ.

ದಾವೆ 2016ರದು, ತೀರ್ಪು 2020ರದು, ಹಿಂದಿನ ದಾವೆಗೆ ಹೇಗೆ ಅನ್ವಯ ಎಂದು ಅವರು ಕೇಳಬಹುದು. ನ್ಯಾಯಾಲಯ ಕಾನೂನನ್ನು ವ್ಯಾಖ್ಯಾನಿಸಿದಾಗ ಅದು ಮೊದಲಿನಿಂದಲೂ ಹಾಗೇ ಇತ್ತು ಎಂದು ಹೇಳಿದಂತೆ. ಇನ್ನು ಮುಂದಕ್ಕೆ ಮಾತ್ರ ಅನ್ವಯ ಎಂದು ಸುಪ್ರೀಂ ಕೋರ್ಟೇ ಹೇಳಿದ್ದರೆ ಮಾತು ಬೇರೆ. 1967ರ ಗೋಲಕನಾಥದಲ್ಲಿ ಹಾಗೆ ಹೇಳಿತ್ತು. ವಿನೀತಾದಲ್ಲಿ ಅಂಥ ಮಾತಿಲ್ಲ. ಬದಲಿಗೆ ಬಾಕಿ ಇರುವ ಪ್ರಕರಣಗಳನ್ನು ಸಾಧ್ಯವಾದಷ್ಟು ಆರು ತಿಂಗಳಲ್ಲಿ ಮುಗಿಸಿ ಎಂದು ಕೋರಿದೆ.

ಮದುವೆಯ ವರ್ಷಗಳನ್ನು ನೀವು ಬರೆದದ್ದು ಒಳ್ಳೆಯದಾಯಿತು. ಅದೇ ಅಧಿನಿಯಮಕ್ಕೆ ನಮ್ಮ ರಾಜ್ಯದ ತಿದ್ದುಪಡಿ, ಕಲಂ 6ಎ, 30-7-1994ರಿಂದ ಜಾರಿಗೆ ಬಂತು. ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. 'ಮದುವೆಯಾದ ಮಗಳಿಗೆ ಇಲ್ಲ' ಎನ್ನುವ ಹಳೆಯ ಹೈಕೋರ್ಟ್ ತೀರ್ಪನ್ನು ಯಾರಾದರೂ ತಂದರೆ, ಅದು ಯಾವ ಕಲಂನ ವ್ಯಾಖ್ಯಾನ ಎಂದು ಮೊದಲು ನೋಡಿ. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಪ್ರಸ್ತಾಪವೇ ಇಲ್ಲ. ಬೇರೆ ಪಠ್ಯದ ಮೇಲಿನ ತೀರ್ಪು ಎಷ್ಟು ಸರಿಯಾಗಿದ್ದರೂ ಈ ದಾವೆಗೆ ಬಾರದು.

ಮಧುಗಿರಿ_ಅಪೀಲು

ಸಿವಿಲ್_ಕಟ್ಟೆ ಸರ್ ಹೇಳಿದ್ದಕ್ಕೆ ಒಂದು ಸಣ್ಣ ಸೇರ್ಪಡೆ. ವಿನೀತಾ ಶರ್ಮಾದಲ್ಲಿ ಫುಲಾವತಿ ಪೂರ್ತಿ ರದ್ದಾಯಿತು, ದಾನಮ್ಮ ಮಾತ್ರ ಭಾಗಶಃ. ತಂದೆ ಬದುಕಿರಬೇಕು ಎಂಬ ಫುಲಾವತಿಯ ಮಾತನ್ನು ಒಪ್ಪಿದ ಭಾಗ ಹೋಯಿತು, ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ಫಲಿತ ತಪ್ಪಲ್ಲ. ಹಾಗಾಗಿ ದಾನಮ್ಮವನ್ನು ಮೆಮೋದಿಂದ ತೆಗೆದುಹಾಕಬೇಕಿಲ್ಲ, ಆದರೆ ಮುಂದಕ್ಕೂ ಇಡಬೇಡಿ. ವಿನೀತಾದ 129ನೇ ಪ್ಯಾರಾದ ಉತ್ತರಗಳನ್ನು ಓದಿಸಿ. ಅದು ಸಾಕು.

ಏಳಕ್ಕೆ ಎರಡು ಅನ್ನುವ ಭಯ ಬಿಡಿ. ಇದು ಮತ ಎಣಿಕೆಯಲ್ಲ. ಒಂದೇ ಪೀಠದೊಳಗೂ ಬಹುಮತದಲ್ಲಿ ಎಷ್ಟು ಜನ ಇದ್ದರು ಎಂದು ನೋಡುವುದಿಲ್ಲ, ಪೀಠದ ಒಟ್ಟು ಸಂಖ್ಯೆ ನೋಡುತ್ತಾರೆ. ತ್ರಿಮೂರ್ತಿ ಫ್ರಾಗ್ರೆನ್ಸಸ್ (2022) ತೀರ್ಪಿನಲ್ಲಿ ಐವರ ಪೀಠ ಇದನ್ನೇ ಹೇಳಿದೆ.

ನಿಶಾನೆ_ಡಿ1

ಮೇಲಿನ ಇಬ್ಬರೂ ಬರೆದದ್ದು ಸರಿ, ಆದರೆ ನಿಮ್ಮ ದಾವೆ ನಿಂತಿರುವುದು ಅಲ್ಲಲ್ಲ. ಪ್ರತಿವಾದಿ ವಕೀಲರು ಬುದ್ಧಿವಂತರಾಗಿದ್ದರೆ ಫುಲಾವತಿಯನ್ನು ತಾವೇ ಕೈಬಿಟ್ಟು, ವಿನೀತಾ ಶರ್ಮಾವನ್ನು ಒಪ್ಪಿಕೊಂಡೇ 1997ರ ಭಾಗದ ಮೇಲೆ ನಿಲ್ಲುತ್ತಾರೆ. ಹಕ್ಕು ಹುಟ್ಟಿನಿಂದ ಬಂದರೂ 20-12-2004ಕ್ಕೆ ಮೊದಲು ಭಾಗ ಆಗಿದ್ದರೆ ಹಿಂದೂ ಉತ್ತರಾಧಿಕಾರ ಅಧಿನಿಯಮದ ಕಲಂ 6(5)ರ ಪ್ರಕಾರ ಅದಕ್ಕೆ ಧಕ್ಕೆ ಇಲ್ಲ. ತೀರ್ಪು ಕಾನೂನನ್ನು ಹೇಳುತ್ತದೆ, ಸಂಗತಿಯನ್ನು ಸಾಬೀತು ಮಾಡಿಕೊಡುವುದಿಲ್ಲ. ಸಾಕ್ಷ್ಯದಲ್ಲಿ ಆ ಭಾಗ ಬಿದ್ದುಹೋಗದಿದ್ದರೆ ವಿನೀತಾ ಶರ್ಮಾ ನಿಮಗೆ ಒಂದು ಗುಂಟೆಯನ್ನೂ ಕೊಡಿಸದು.

ಕಾಳೆ ತೀರ್ಪನ್ನು ಅವರು ಯಾಕೆ ತಂದಿದ್ದಾರೆ ನೋಡಿ. ಕುಟುಂಬದ ಒಪ್ಪಂದ ಬಾಯಿಮಾತಿನಲ್ಲೇ ಆಗಬಹುದು, ಹಿಂದೆ ಆದದ್ದನ್ನು ನೆನಪಿಗೆ ಬರೆದಿಟ್ಟ ಕಾಗದಕ್ಕೆ ನೋಂದಣಿ ಬೇಕಿಲ್ಲ ಎಂಬುದು 1976ರ ಆ ತೀರ್ಪು. ಅದು ಇಂದಿಗೂ ಜೀವಂತ ಕಾನೂನು. ಅದನ್ನು ತಪ್ಪು ಎನ್ನಲು ಹೋಗಬೇಡಿ, ಹೋದರೆ ನ್ಯಾಯಾಧೀಶರ ವಿಶ್ವಾಸ ಕಳೆದುಕೊಳ್ಳುತ್ತೀರಿ. ಅದು ಉತ್ತರಿಸಿದ ಪ್ರಶ್ನೆ ಬೇರೆ ಎಂದು ತೋರಿಸಿ. ನೋಂದಣಿ ಕಾಯ್ದೆಯಡಿ ಕಾಗದಕ್ಕೆ ನೋಂದಣಿ ಬೇಕೆ ಅನ್ನುವುದು ಅಲ್ಲಿಯ ಪ್ರಶ್ನೆ. ಇಲ್ಲಿಯದು 6(5)ರ ವಿವರಣೆಯಲ್ಲಿ 'ಭಾಗ' ಎಂದರೆ ಏನು ಎಂಬುದು. ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿ, ಎರಡೇ ಎಂದು ಶಾಸನವೇ ಹೇಳಿಬಿಟ್ಟಿದೆ. ಈ ವಿವರಣೆ ಹುಟ್ಟಿದ್ದೇ ಕಾಳೆ ಬಂದು ಮೂರು ದಶಕ ಆಗುವ ಹೊತ್ತಿಗೆ. ತೀರ್ಪು ತಾನು ನಿಜವಾಗಿ ತೀರ್ಮಾನಿಸಿದ್ದಕ್ಕೆ ಮಾತ್ರ ಆಧಾರ, ಅದರಿಂದ ತರ್ಕದಲ್ಲಿ ಹೊರಡಬಹುದಾದ್ದಕ್ಕಲ್ಲ. 1967ರಲ್ಲೇ ಸುಧಾಂಶು ಶೇಖರ್ ಮಿಶ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ವಿನೀತಾ ಶರ್ಮಾ ಒಂದು ಕಿಂಡಿ ಬಿಟ್ಟಿದೆ, ಅದನ್ನು ಮುಚ್ಚಿಡಬೇಡಿ. ಬಾಯಿಮಾತಿನ ಭಾಗವನ್ನು ಸಾಮಾನ್ಯವಾಗಿ ಒಪ್ಪುವಂತಿಲ್ಲ, ಆದರೆ ಅಪರೂಪಕ್ಕೆ ಸಾರ್ವಜನಿಕ ದಾಖಲೆಗಳು ಅದನ್ನು ಬೆಂಬಲಿಸಿ, ಕೊನೆಗೆ ಡಿಕ್ರಿಯಿಂದ ಆದಷ್ಟೇ ಖಚಿತವಾಗಿ ಭಾಗ ಕಂಡುಬಂದರೆ ಒಪ್ಪಬಹುದು ಎಂದಿದೆ. ಬರೀ ಬಾಯಿಸಾಕ್ಷಿ ಇದ್ದರೆ ತಳ್ಳಿಹಾಕಿ ಎಂದೂ ಅಲ್ಲೇ ಇದೆ. ಪ್ರತಿವಾದಿಗಳು ನುಸುಳಲು ನೋಡುವುದು ಈ ಕಿಂಡಿಯಲ್ಲಿ.

ಅಲ್ಲಿ ನಿಮ್ಮ ಕೈಗೆ ದೊಡ್ಡ ಅಸ್ತ್ರ ಸಿಕ್ಕಿದೆ, ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. 1999ರ ಖಾತೆ ಪೌತಿ ಖಾತೆ. 1997ರಲ್ಲಿ ಅಣ್ಣತಮ್ಮಂದಿರಿಗೆ ಭಾಗ ಆಗಿದ್ದರೆ 1998ರಲ್ಲಿ ತಂದೆಯ ಹೆಸರಿನಲ್ಲಿ ಇಡೀ 4 ಎಕರೆ 20 ಗುಂಟೆ ಉಳಿದದ್ದು ಹೇಗೆ? ಭಾಗದ ಆಧಾರದ ಮೇಲೆ ಖಾತೆ ಬದಲಾಗಿದ್ದರೆ ಎಂ.ಆರ್. ವಹಿಯಲ್ಲಿ (ಖಾತೆ ಬದಲಾವಣೆ ದಾಖಲಿಸುವ ಪುಸ್ತಕ) ಕಾರಣ 'ವಿಭಾಗ' ಎಂದಿರಬೇಕಿತ್ತು, ಇಬ್ಬರಿಗೂ ಬೇರೆ ಬೇರೆ ಹೆಸರಲ್ಲಿ ಬರಬೇಕಿತ್ತು. ಎಲ್ಲವೂ ಒಬ್ಬ ಅಣ್ಣನ ಹೆಸರಿಗೆ ಪೌತಿಯಾಗಿ ಬಂದಿದೆ ಅಂದರೆ, ಅವರ ದಾಖಲೆಯೇ ಅವರ ಪಾಲುಪಟ್ಟಿಗೆ ಎದುರು ನಿಂತಿದೆ. ಜೊತೆಗೆ 1997ರಿಂದ 2004ರವರೆಗಿನ ಪಹಣಿಗಳನ್ನು ತೆಗೆಸಿ: 9ನೇ ಕಾಲಂನಲ್ಲಿ ಯಾರ ಹೆಸರು, 12(2)ರಲ್ಲಿ ಸಾಗುವಳಿದಾರರೆಂದು ತಮ್ಮನ ಹೆಸರು ಎಲ್ಲಾದರೂ ಇದೆಯೆ, 11ನೇ ಕಾಲಂನಲ್ಲಿ ಸೊಸೈಟಿ ಸಾಲದ ಹೊರೆ ಯಾರ ಹೆಸರಲ್ಲಿ. ಪೋಡಿ (ಅಳತೆ ಮಾಡಿ ಜಮೀನು ಬೇರ್ಪಡಿಸುವುದು) ಆಗಿದೆಯೆ, ಹಿಸ್ಸೆ ನಂಬರು ಬಿದ್ದಿದೆಯೆ ನೋಡಿ. ಇವು ಯಾವುವೂ ಇಲ್ಲದಿದ್ದರೆ 'ಸಾರ್ವಜನಿಕ ದಾಖಲೆಗಳ ಬೆಂಬಲ' ಎಂಬ ಮಾತು ಅಲ್ಲಿಗೇ ಮುಗಿಯಿತು.

ಒಂದು ಎಚ್ಚರ. ಪೌತಿ ಖಾತೆ ಅಣ್ಣನ ಹೆಸರಿಗೆ ಬಂದದ್ದರಿಂದ ಅವನಿಗೆ ಪೂರ್ಣ ಹಕ್ಕು ಬಂತು ಎಂದು ಅವರು ವಾದ ತಿರುಗಿಸಬಹುದು. ಭೂ ಕಂದಾಯ ಅಧಿನಿಯಮ 1964ರ ಕಲಂ 133 ಕೊಡುವುದು ಅಲ್ಲಗಳೆಯಬಹುದಾದ ಪೂರ್ವಭಾವನೆ ಮಾತ್ರ, ಖಾತೆ ಹಕ್ಕನ್ನು ಹುಟ್ಟಿಸುವುದಿಲ್ಲ. 12 ವರ್ಷದ ಕಾಲಮಿತಿ ಎತ್ತಿದರೂ ಉತ್ತರ ಇದೇ ದಾರಿಯಲ್ಲಿದೆ. ಕಾಲಮಿತಿ ಅಧಿನಿಯಮದ 110ನೇ ವಿಧಿಯಲ್ಲಿ ಗಡಿಯಾರ ಶುರುವಾಗುವುದು ತಮ್ಮನ್ನು ಹೊರಗಿಟ್ಟದ್ದು ವಾದಿಗೆ ತಿಳಿದ ದಿನದಿಂದ. ಖಾತೆ ಬದಲಾದ ಮಾತ್ರಕ್ಕೆ ಹೊರಗಿಟ್ಟಂತಾಗದು.

ಪಾಲುಪಟ್ಟಿಯ ಛಾಪಾ ಶುಲ್ಕವನ್ನೂ ನೋಡಿ. ಅದು ಭಾಗಪತ್ರವೇ ಆಗಿದ್ದು ಶುಲ್ಕ ಕಡಿಮೆ ಬಿದ್ದಿದ್ದರೆ ಕರ್ನಾಟಕ ಸ್ಟಾಂಪು ಅಧಿನಿಯಮದ ಕಲಂ 34 ಅಡ್ಡ ಬರುತ್ತದೆ: ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟದೆ ಯಾವ ಉದ್ದೇಶಕ್ಕೂ ಅದು ಸಾಕ್ಷ್ಯವಾಗದು. ನೋಂದಣಿ ಇಲ್ಲದ ಕಾಗದವನ್ನು ಆನುಷಂಗಿಕ ಉದ್ದೇಶಕ್ಕೆ ನೋಡಬಹುದು ಎಂಬ ವಿನಾಯಿತಿ ನೋಂದಣಿ ಕಾಯ್ದೆಯ ಕಲಂ 49ರಲ್ಲಿದೆ. ಸ್ಟಾಂಪಿನ ವಿಷಯದಲ್ಲಿ ಆ ವಿನಾಯಿತಿಯೂ ಇಲ್ಲ. ಈ ಆಕ್ಷೇಪವನ್ನು ದಾಖಲೆಗೆ ನಿಶಾನೆ (ಸಾಕ್ಷ್ಯವಾಗಿ ಸ್ವೀಕರಿಸಿದ ಗುರುತು) ಹಾಕುವ ಹೊತ್ತಿಗೇ ಎತ್ತಬೇಕು. ನಿಶಾನೆ ಬಿದ್ದ ಮೇಲೆ ಕಲಂ 35 ಬಾಯಿ ಕಟ್ಟುತ್ತದೆ. ನಿಮ್ಮ ದಾವೆ ವಾದದ ಹಂತದಲ್ಲಿದೆ, ಆಗ ಆಕ್ಷೇಪ ದಾಖಲಾಗಿದೆಯೇ ಎಂದು ಸಾಕ್ಷ್ಯದ ಹಾಳೆ ತೆಗೆದು ನೋಡಿ.

ಕೋರ್ಟ್‌ಹಾಲ್_ಸಿರಾ

ಉಳಿದ ಸೈಟೇಶನ್‌ಗಳ ಬಗ್ಗೆ ಬೇಗ ಮುಗಿಸುತ್ತೇನೆ.

ಹೈಕೋರ್ಟಿನ 2017ರ ಏಕಸದಸ್ಯ ಪೀಠದ ತೀರ್ಪು ನಮ್ಮ ರಾಜ್ಯದ ಕೆಳ ನ್ಯಾಯಾಲಯಗಳನ್ನು ಕಟ್ಟಿಹಾಕುತ್ತದೆ ನಿಜ. ಆದರೆ ಅದು ಯಾವುದರ ಮೇಲೆ ನಿಂತಿದೆ? ತೆರೆದು ನೋಡಿ, ಫುಲಾವತಿಯನ್ನು ಅನುಸರಿಸಿ ಕೊಟ್ಟದ್ದೇ ಆಗಿದ್ದರೆ ಬುಡದ ಜೊತೆ ಕೊಂಬೆಯೂ ಬಿತ್ತು. ಅದನ್ನು ಯಾರೂ ಹೆಸರು ಹಿಡಿದು ರದ್ದು ಮಾಡಬೇಕಿಲ್ಲ. ಮದ್ರಾಸ್ ಹೈಕೋರ್ಟಿನ ತೀರ್ಪು ತುಮಕೂರಿನಲ್ಲಿ ಗೌರವಕ್ಕೆ ಪಾತ್ರ, ಬಂಧನಕಾರಿಯಲ್ಲ. ನಮ್ಮ ಹೈಕೋರ್ಟ್ ಮೌನವಾಗಿರುವ ಪ್ರಶ್ನೆಯಲ್ಲಿ ಮಾತ್ರ ಅದರ ತರ್ಕ ನೆರವಾಗುತ್ತದೆ.

ಎಸ್‌ಎಲ್‌ಪಿ ವಜಾ ಅನ್ನುವುದನ್ನು ತೀರ್ಪಿನಂತೆ ತೋರಿಸುವುದು ಬಹಳ ಕಡೆ ನಡೆಯುವ ತಪ್ಪು. ವಿಶೇಷ ಅನುಮತಿ ಅರ್ಜಿಯನ್ನು ಒಂದು ಸಾಲಿನಲ್ಲಿ ವಜಾ ಮಾಡಿದರೆ ಸುಪ್ರೀಂ ಕೋರ್ಟ್ ಅಪೀಲಿಗೆ ಅನುಮತಿ ಕೊಡಲಿಲ್ಲ ಎಂದಷ್ಟೇ ಅರ್ಥ. ಹೈಕೋರ್ಟಿನ ತೀರ್ಪು ಅದರಲ್ಲಿ ಲೀನವಾಗುವುದಿಲ್ಲ, ಸಂವಿಧಾನದ 141ನೇ ವಿಧಿಯಡಿ ಕಾನೂನು ಘೋಷಿಸಿದಂತೆಯೂ ಆಗದು. ಕಾರಣ ಕೊಟ್ಟು ವಜಾ ಮಾಡಿದ್ದರೆ ಆ ಕಾರಣದಲ್ಲಿ ಹೇಳಿದ ಕಾನೂನು ಬಂಧಿಸುತ್ತದೆ. ಅನುಮತಿ ಕೊಟ್ಟು, ಸಿವಿಲ್ ಅಪೀಲು ನಂಬರ್ ಬಿದ್ದು, ಆಮೇಲೆ ವಜಾ ಆಗಿದ್ದರೆ ಮಾತ್ರ ಲೀನವಾಗುವುದು. ಕುಂಞಯಮ್ಮದ್ (2000) ಇದನ್ನು ಬಿಡಿಸಿಟ್ಟಿತು, ನಮ್ಮದೇ ರಾಜ್ಯದಿಂದ ಹೋದ ಖೋಡೆ ಡಿಸ್ಟಿಲರೀಸ್ (2019) ಅದನ್ನು ಮತ್ತೆ ಖಚಿತಪಡಿಸಿತು. ಆ ಆದೇಶದ ಪ್ರತಿ ಕೇಳಿ ಪಡೆದು, ಎಸ್‌ಎಲ್‌ಪಿ ನಂಬರೋ ಸಿವಿಲ್ ಅಪೀಲು ನಂಬರೋ ನೋಡಿಕೊಳ್ಳಿ.

ಜೂನಿಯರ್_ತುಮಕೂರು

ಎಲ್ಲರಿಗೂ ಧನ್ಯವಾದ. ಎಂ.ಆರ್. ಕಡೆ ಗಮನವೇ ಹೋಗಿರಲಿಲ್ಲ. ಇನ್ನೊಂದು ಸಂದೇಹ. ಇದೇ ತರಹದ ಬೇರೆ ದಾವೆ 2017ರಲ್ಲಿ ಫುಲಾವತಿಯ ಆಧಾರದ ಮೇಲೆ ಮುಗಿದು, ಹೆಣ್ಣುಮಕ್ಕಳಿಗೆ ಹನ್ನೆರಡನೇ ಒಂದು ಪಾಲಿನ ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಎಂದು ನಿರ್ಧರಿಸುವ ಡಿಕ್ರಿ) ಆಗಿದ್ದರೆ, ಈಗ ಪುನರ್‌ವಿಮರ್ಶೆ ಅರ್ಜಿ ಹಾಕಬಹುದೆ?

ಮಧುಗಿರಿ_ಅಪೀಲು

ಪುನರ್‌ವಿಮರ್ಶೆ ಆಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 47, ನಿಯಮ 1ರ ವಿವರಣೆ ಓದಿ: ತೀರ್ಪಿಗೆ ಆಧಾರವಾದ ಕಾನೂನಿನ ಪ್ರಶ್ನೆಯನ್ನು ಬೇರೆ ಪ್ರಕರಣದಲ್ಲಿ ಮೇಲಿನ ನ್ಯಾಯಾಲಯ ಆಮೇಲೆ ಬದಲಿಸಿದ್ದು ಪುನರ್‌ವಿಮರ್ಶೆಗೆ ಕಾರಣವಲ್ಲ. ಅಪೀಲು ಹಾಕೋಣವೆಂದರೆ ವಿಳಂಬ ಮನ್ನಾ ಬೇಕು. ಕಾನೂನು ಬದಲಾಯಿತು ಎಂಬುದೊಂದೇ ವಿಳಂಬಕ್ಕೆ ಸಾಕಾದ ಕಾರಣವಲ್ಲ ಎಂದು ಡಿಡಿಎ ವಿರುದ್ಧ ತೇಜ್‌ಪಾಲ್ (2024) ಹೇಳಿದೆ.

ಆದರೆ ಭಾಗದ ದಾವೆಗೆ ಒಂದು ವಿಶೇಷ ಇದೆ. ಪ್ರಾಥಮಿಕ ಡಿಕ್ರಿಯಿಂದ ದಾವೆ ಮುಗಿಯುವುದಿಲ್ಲ. ಅಂತಿಮ ಡಿಕ್ರಿ ಆಗುವವರೆಗೆ ಪಾಲಿನ ಪ್ರಮಾಣವನ್ನು ಬದಲಿಸಬಹುದು, ಬೇಕಾದರೆ ಎರಡನೇ ಪ್ರಾಥಮಿಕ ಡಿಕ್ರಿ ಮಾಡಬಹುದು ಎಂದು 1967ರ ಫೂಲ್‌ಚಂದ್ ಹೇಳಿತ್ತು. 2005ರ ತಿದ್ದುಪಡಿಗೆ ಅದನ್ನೇ ಅನ್ವಯಿಸಿ ಗಂಡೂರಿ ಕೋಟೇಶ್ವರಮ್ಮ (2011) ಹೆಣ್ಣುಮಕ್ಕಳಿಗೆ ದಾರಿ ತೆರೆಯಿತು. ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿ ಅಥವಾ ಅಪೀಲು ಬಾಕಿ ಇದ್ದರೆ ಸಮಪಾಲು ಕೊಡಬೇಕು ಎಂದು ವಿನೀತಾ ಶರ್ಮಾವೂ ಹೇಳಿದೆ. ಹಾಗಾಗಿ ಎಫ್‌ಡಿಪಿ (ಅಂತಿಮ ಡಿಕ್ರಿಯ ನಡಾವಳಿ) ನಡೆಯುತ್ತಿದೆಯೇ ವಿಚಾರಿಸಿ. ನಡೆಯುತ್ತಿದ್ದರೆ ಅದರಲ್ಲೇ ಪಾಲು ತಿದ್ದುವಂತೆ ಅರ್ಜಿ ಕೊಡಿ. ಅಂತಿಮ ಡಿಕ್ರಿ ಅರ್ಜಿಯನ್ನೇ ಹಾಕಿಲ್ಲವಾದರೆ ಈಗಲೂ ಹಾಕಬಹುದು, ಅದಕ್ಕೆ ಕಾಲಮಿತಿ ಇಲ್ಲ ಎಂದು ಶುಭ್ ಕರಣ್ ಬುಬ್ನಾ (2009) ಇದೆ. ದಾವೆಯೇ ವಜಾ ಆಗಿ, ಅಪೀಲೂ ಇಲ್ಲದೆ ಅಂತಿಮವಾಗಿದ್ದರೆ ಮಾತ್ರ ಬಾಗಿಲು ಮುಚ್ಚಿದಂತೆ. ಅದು ಕಷ್ಟದ ಮಾತೇ, ಆದರೆ ಕಕ್ಷಿದಾರರಿಗೆ ಮೊದಲ ದಿನವೇ ಹೇಳಿಬಿಡಿ.

ಸಿವಿಲ್_ಕಟ್ಟೆ

ಮೆಮೋ ಬರೆಯುವಾಗ: ತೀರ್ಪಿನ ಹೆಸರು, ಸೈಟೇಶನ್, ಪೀಠದ ಸಂಖ್ಯೆ, ಓದಬೇಕಾದ ಪ್ಯಾರಾ, ಅದರ ಸಂಗತಿಗೂ ನಮ್ಮ ಸಂಗತಿಗೂ ಹೋಲಿಕೆ ಒಂದು ಸಾಲು. ಹೆಡ್‌ನೋಟ್ ಮಾತ್ರ ಓದಿ ಬರೆಯಬೇಡಿ, ಅದು ವರದಿಗಾರರ ಸಾರಾಂಶ, ತೀರ್ಪಿನ ಭಾಗವಲ್ಲ. ಇ-ಎಸ್‌ಸಿಆರ್ ಪೋರ್ಟಲಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪುಗಳು ಉಚಿತವಾಗಿ ಸಿಗುತ್ತವೆ, ಪೂರ್ತಿ ಇಳಿಸಿಕೊಳ್ಳಿ. ಕನ್ನಡ ಅನುವಾದ ಕಕ್ಷಿದಾರರಿಗೆ ತಿಳಿಹೇಳಲು ಚೆನ್ನ, ನ್ಯಾಯಾಲಯಕ್ಕೆ ಇಂಗ್ಲಿಷ್ ಮೂಲವೇ ಬೇಕು. ಎಐ ಉಪಕರಣ ಕೊಟ್ಟ ಸೈಟೇಶನ್ ಆದರೆ ತೀರ್ಪು ಕಣ್ಣಾರೆ ಕಾಣುವವರೆಗೆ ಮೆಮೋದಲ್ಲಿ ಬರೆಯಬೇಡಿ. ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ಆದೇಶವೊಂದನ್ನು 2025ರಲ್ಲಿ ನಮ್ಮ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು.

ಎದುರಿಗೆ ಹೋಗುವ ತೀರ್ಪು ಇದ್ದರೆ ಅದನ್ನೂ ನೀವೇ ತೋರಿಸಿ, ಯಾಕೆ ಅನ್ವಯಿಸದು ಎಂದು ಹೇಳಿ. ಫುಲಾವತಿಗೆ ಒಂದೇ ಸಾಲು ಸಾಕು. ಕಾಳೆಗೆ ಅರ್ಧ ಪುಟ ಬೇಕು. ಇಡೀ ವಾದದಲ್ಲಿ ನಿಜವಾದ ಕೆಲಸ ಅಲ್ಲಿದೆ.

ಜೂನಿಯರ್_ತುಮಕೂರು

1999ರ ಎಂ.ಆರ್. ಭೂಮಿ ತಂತ್ರಾಂಶದಲ್ಲಿ ಸಿಗುತ್ತಿಲ್ಲ. ಸಾಕ್ಷ್ಯ ಮುಗಿದಿದೆ. ಈಗ ತರಬಹುದೆ?

ನಿಶಾನೆ_ಡಿ1

ಭೂಮಿ ತಂತ್ರಾಂಶ ಬರುವುದಕ್ಕೆ ಮೊದಲಿನದು ಕೈಬರಹದ ವಹಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತದೆ. ಸರ್ವೆ ನಂಬರು, ಗ್ರಾಮ, ಹೋಬಳಿ, ವರ್ಷ ಬರೆದು ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಎಂ.ಆರ್. ನಂಬರು ಗೊತ್ತಿಲ್ಲದಿದ್ದರೆ 1999-2000ರ ಪಹಣಿಯ 10ನೇ ಕಾಲಂನಲ್ಲಿ ಬರೆದಿರುತ್ತದೆ. ವಾರಸುದಾರರ ಹೇಳಿಕೆ, ವಂಶವೃಕ್ಷ ಲಗತ್ತಾಗಿದ್ದರೆ ಅವನ್ನೂ ಕೇಳಿ. ಅಲ್ಲಿ 'ಭಾಗ ಆಗಿಲ್ಲ, ಒಟ್ಟಾಗಿದ್ದೇವೆ' ಎಂದು ಅಣ್ಣ ಸಹಿ ಹಾಕಿರುವ ಸಾಧ್ಯತೆ ಇದೆ.

ವಾದದ ಹಂತವಾದರೂ ದಾರಿ ಇದೆ. ದಾಖಲೆ ಹಾಜರುಪಡಿಸಲು ಆದೇಶ 7, ನಿಯಮ 14(3)ರಡಿ ಅನುಮತಿ ಕೇಳಿ, ಸಾಕ್ಷ್ಯ ಮತ್ತೆ ತೆರೆಯಲು ಕಲಂ 151ರಡಿ ಇನ್ನೊಂದು ಅರ್ಜಿ ಕೊಡಿ. ಯಾಕೆ ತಡವಾಯಿತು, ದಾಖಲೆ ಯಾವ ವಿವಾದಾಂಶಕ್ಕೆ ಸಂಬಂಧಿಸಿದ್ದು ಎಂದು ಪ್ರಮಾಣಪತ್ರದಲ್ಲಿ ಖಚಿತವಾಗಿ ಬರೆಯಿರಿ. ದಾವೆ 2016ರದಾದ್ದರಿಂದ ಹಳೆಯ ಸಾಕ್ಷ್ಯ ಅಧಿನಿಯಮವೇ ಅನ್ವಯ: ಕಲಂ 74ರಲ್ಲಿ ಸಾರ್ವಜನಿಕ ದಾಖಲೆ, 76ರಲ್ಲಿ ದೃಢೀಕೃತ ನಕಲು. ಮೂಲ ವಹಿ ತರಿಸಬೇಕಾಗಿಲ್ಲ. ನಕಲು ಕೈಗೆ ಬಂದ ದಿನವೇ ಅರ್ಜಿ ಹಾಕಿ, ವಾದ ಮುಗಿದು ತೀರ್ಪಿಗೆ ಇಟ್ಟ ಮೇಲೆ ಕೇಳಿದರೆ ಬಹಳ ಕಷ್ಟ.